ರೆಕ್ಕೆಯ ಒಳಗೆ ಕೂತವರು

“ಈಗ ಬೇಕಿಲ್ಲದ್ದನ್ನು ಮಾಡುತ್ತಲೇ ಇರಬೇಕೆ, ಗುರುಗಳೇ?” ಎಂದು ಪಂಪಾಪತಿ ಕೇಳಿದ.

ಅವನು ರಕ್ಷಣಾ ಇಲಾಖೆಯಲ್ಲಿ ಅಧಿಕಾರಿ. ಸೈನ್ಯಕ್ಕೆ ಸರಕು ಸಾಗಿಸುವ ದೊಡ್ಡ ವಿಮಾನಗಳನ್ನು ಕಟ್ಟುವ ಕಾರ್ಖಾನೆಯೊಂದರ ಕಡತ ಅವನ ಮೇಜಿನ ಮೇಲಿತ್ತು. ಮಾಡಿಕೊಡಲು ಹೇಳಿದ್ದ ವಿಮಾನಗಳಲ್ಲಿ ಕೊನೆಯದು ಆ ವರ್ಷ ಹೊರಬರುವುದಿತ್ತು. ಸೈನ್ಯಕ್ಕೆ ಸದ್ಯಕ್ಕೆ ಅಷ್ಟು ಸಾಕು. ಸರ್ಕಾರ ನೆರವು ಕೊಟ್ಟು ಕೆಲಸ ಮುಂದುವರಿಸಬೇಕೋ, ಬಾಗಿಲು ಹಾಕಬೇಕೋ ಎಂದು ಅವನು ಅಭಿಪ್ರಾಯ ಬರೆಯಬೇಕಿತ್ತು. ಸೋಮವಾರ ಕಡತ ಮೇಲಕ್ಕೆ ಹೋಗಬೇಕು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಇದನ್ನು ಹೇಳಿದರು.

ಒಂದು ದೇಶದಲ್ಲಿ ಇಂಥದೇ ಒಂದು ಕಾರ್ಖಾನೆ ಇತ್ತು. ಅದರ ವಿಮಾನಗಳು ಬೆಟ್ಟದ ಮೇಲಿನ ಕಾವಲು ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧ ಒಯ್ಯುತ್ತಿದ್ದವು. ಬರುವಾಗ ಗಾಯಗೊಂಡವರನ್ನು ತರುತ್ತಿದ್ದವು. ಬೇಕಾದಷ್ಟು ವಿಮಾನಗಳಾದ ಮೇಲೆ ಕಾರ್ಖಾನೆಯ ಮುಖ್ಯಸ್ಥ ಮಂತ್ರಿಯ ಬಳಿ ಹೋಗಿ, “ವರ್ಷಕ್ಕೆ ಎರಡಾದರೂ ಮಾಡಿಸಿ. ಕೈ ನಿಲ್ಲದಿದ್ದರೆ ಸಾಕು,” ಎಂದ.

ಮಂತ್ರಿ ಕೆಟ್ಟವನಲ್ಲ. ಔಷಧವಿಲ್ಲದ ಆಸ್ಪತ್ರೆಗಳಿಗೂ ಅವನೇ ಉತ್ತರ ಹೇಳಬೇಕಿತ್ತು. ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಕಾರ್ಖಾನೆಗೆ ಬಂದ.

ಅಲ್ಲಿ ರೆಕ್ಕೆಯ ತಗಡುಗಳನ್ನು ಬಿಗಿಯುವ ರಿವೆಟ್ ಎಂಬ ಮೊಳೆ ಹೊಡೆಯುತ್ತಿದ್ದರು. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹೊರಗೆ ನಿಂತು ಯಂತ್ರದಿಂದ ಹೊಡೆಯುತ್ತಾನೆ. ಇನ್ನೊಬ್ಬ ರೆಕ್ಕೆಯೊಳಗೆ ಮುದುಡಿ ಕೂತು, ರಿವೆಟ್ಟಿನ ತುದಿಗೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾನೆ. ನಡುವೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು. ಸರಿಯಾಗಿ ಕೂತಿತೋ ಇಲ್ಲವೋ ಒಳಗಿನವನಿಗಷ್ಟೇ ಗೊತ್ತು. ಅವನು ತಗಡಿನ ಮೇಲೆ ಒಮ್ಮೆ ತಟ್ಟಿದರೆ, ಸರಿಯಾಗಿದೆ. ಎರಡು ಸಲ ತಟ್ಟಿದರೆ, ಇನ್ನಷ್ಟು ಹೊಡೆ. ಮೂರು ಸಲ ತಟ್ಟಿದರೆ, ಕೆಟ್ಟಿದೆ, ತೆಗೆ.

ಮಂತ್ರಿ ನೋಡುತ್ತಿದ್ದಂತೆ ಮೂರು ಸಲ ತಟ್ಟಿದ ಸದ್ದು ಬಂತು. ಹೊರಗಿನವನು ಮಾತಿಲ್ಲದೆ ಆ ರಿವೆಟ್ ಕೊರೆದು ತೆಗೆದ.

“ಒಳಗಿರುವವನು ನಿನಗಿಂತ ದೊಡ್ಡವನೇನು?” ಎಂದು ಮಂತ್ರಿ ಕೇಳಿದ.

“ಅವನಾ? ನನ್ನ ಕೈಕೆಳಗಿನವನು ಸ್ವಾಮಿ. ನನ್ನ ಹೆಂಡತಿ ಕೂಡ ಇಷ್ಟು ತಪ್ಪು ಹಿಡಿಯಲ್ಲ,” ಎಂದ ಹೊರಗಿನವನು. “ಮೊದಮೊದಲು ಜಗಳಕ್ಕೇ ಹೋಗ್ತಿದ್ದೆ. ಬಾರೋ ಹೊರಗೆ, ತೋರಿಸ್ತೀನಿ ಅಂತಿದ್ದೆ. ಒಂದಿನ ಅವನು, ನೀನೇ ಒಳಗೆ ಬಾರಣ್ಣ ಅಂದ. ತೂರಿಕೊಂಡು ಹೋಗಿ ನೋಡಿದೆ. ಅವತ್ತಿಂದ ಜಗಳ ಇಲ್ಲ. ಹನ್ನೊಂದು ವರ್ಷ ಆಯ್ತು.”

ಸುತ್ತ ಇದ್ದವರು ನಕ್ಕರು. ಮಂತ್ರಿಯೂ ನಕ್ಕ. ಈ ತಟ್ಟುವ ಕ್ರಮ ನಕ್ಷೆಯಲ್ಲಿ ಇದೆಯೇ ಎಂದು ಮುಖ್ಯಸ್ಥನನ್ನು ವಿಚಾರಿಸಿದ. ಇಲ್ಲವೆಂದು ತಿಳಿಯಿತು. “ಹಾಗಾದರೆ ಎಲ್ಲವನ್ನೂ ಬರೆದಿಟ್ಟು ಮುಚ್ಚಿ. ಬೇಕಾದಾಗ ತೆರೆದರಾಯಿತು,” ಎಂದು ಹೇಳಿ ಹೋದ.

ಬರೆದರು. ನಾನೂರು ಪುಟದ ಪುಸ್ತಕವಾಯಿತು. ಯಂತ್ರಗಳಿಗೆ ಎಣ್ಣೆ ಸವರಿ ಬಟ್ಟೆ ಹೊದಿಸಿದರು. ನಕ್ಷೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೊರಗಿನವನು ಬಸ್ಸುಗಳಿಗೆ ತಗಡು ಹೊದಿಸುವ ಕೆಲಸಕ್ಕೆ ಸೇರಿದ. ಒಳಗಿನವನು ತನ್ನ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟ.

ಏಳು ವರ್ಷದ ಮೇಲೆ ಬೆಟ್ಟದ ರಸ್ತೆ ಕುಸಿಯಿತು. ಹಳೆಯ ವಿಮಾನಗಳಲ್ಲಿ ಅರ್ಧ ಹಾರುವ ಸ್ಥಿತಿಯಲ್ಲಿರಲಿಲ್ಲ. ಮರುವರ್ಷ ಹಿಮ ಬೀಳುವ ಮೊದಲು ಹೊಸ ವಿಮಾನ ಬೇಕಾಯಿತು. ಅದೇ ಮಂತ್ರಿ ಬೀಗ ತೆಗೆಸಿದ. ಯಂತ್ರಕ್ಕೆ ತುಕ್ಕು ಹಿಡಿದಿರಲಿಲ್ಲ. ನಕ್ಷೆಗೆ ಗೆದ್ದಲು ಹತ್ತಿರಲಿಲ್ಲ. ಹಳಬರನ್ನು ಹುಡುಕಿಸಿದರು. ಸೈಕಲ್ ಅಂಗಡಿಯವನು ತೀರಿಕೊಂಡಿದ್ದ. ಬಸ್ಸಿನ ಕೆಲಸದವನು, “ಒಳಗೆ ಅವನಿಲ್ಲದೆ ನಾನು ಬಂದು ಏನು ಮಾಡಲಿ?” ಎಂದು ಬರಲೊಪ್ಪಲಿಲ್ಲ. ಹೊಸಬರನ್ನು ತೆಗೆದುಕೊಂಡರು. ಅವರು ಪುಸ್ತಕ ಓದಿದರು, ಪರೀಕ್ಷೆಯಲ್ಲಿ ತೇರ್ಗಡೆಯಾದರು. ವಿಮಾನ ಹೇಳಿದ ದಿನಕ್ಕೆ ಸಿದ್ಧವಾಯಿತು.

ಮೊದಲ ಹಾರಾಟದಲ್ಲೇ ಎಡ ರೆಕ್ಕೆ ನಡುಗಿತು. ಚಾಲಕ ಹೇಗೋ ಕೆಳಗಿಳಿಸಿದ. ತಗಡು ಬಿಚ್ಚಿ ನೋಡಿದರೆ ನೂರಾರು ರಿವೆಟ್ಟುಗಳು ವಾರೆಯಾಗಿ ಕೂತಿದ್ದವು. ರೆಕ್ಕೆಯೊಳಗೆ ಕೂತು ಉಕ್ಕಿನ ಗಟ್ಟಿ ಹಿಡಿದಿದ್ದವಳನ್ನು ಮಂತ್ರಿ ಕರೆಸಿದ.

“ಕೆಟ್ಟಿದೆ ಎಂದು ನಿನಗೆ ಗೊತ್ತಾಗಲಿಲ್ಲವೇನಮ್ಮ?”

“ಗೊತ್ತಾಯ್ತು ಸ್ವಾಮಿ.”

“ಮೂರು ಸಲ ತಟ್ಟಬೇಕೆಂದು ಪುಸ್ತಕದಲ್ಲಿ ಇರಲಿಲ್ಲವೆ?”

“ಇತ್ತು. ಬಾಯಿಪಾಠ ಮಾಡಿದೀನಿ. ಮೊದಲನೇ ದಿನ ಮೂರು ಸಲ ತಟ್ಟಿದೆ ಕೂಡ. ಹೊರಗಿದ್ದವರು ನಮ್ಮ ಮೇಲ್ವಿಚಾರಕರು. ‘ನೆನ್ನೆ ಬಂದವಳು ನನಗೆ ಕಲಿಸ್ತೀಯಾ? ವಿಮಾನ ಯಾವತ್ತು ಹೊರಗೆ ಹೋಗಬೇಕು ಗೊತ್ತಿದೆಯಾ?’ ಅಂದರು. ಆಮೇಲಿಂದ ಎಲ್ಲಕ್ಕೂ ಒಂದೇ ಸಲ ತಟ್ಟಿದೆ.”

ಮಂತ್ರಿ ಅವಳನ್ನು ಬಯ್ಯಲಿಲ್ಲ. ಪುಸ್ತಕ ತರಿಸಿ ಆ ಪುಟವನ್ನು ಓದಿದ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆ ಚಳಿಗಾಲ ಬೆಟ್ಟದ ಮೇಲಿನ ಮೂರು ಠಾಣೆಗಳಿಗೆ ಏನೂ ತಲುಪಲಿಲ್ಲ. ಹಿಮ ಕರಗಿದ ಮೇಲೆ ಎರಡು ಠಾಣೆಗಳವರು ನಡೆದು ಕೆಳಗೆ ಬಂದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಪಂಪಾಪತಿ, “ಹಾಗಾದರೆ ಮುಂದುವರಿಸಬೇಕು ಎಂದೇ ಬರೆಯುತ್ತೇನೆ,” ಎಂದ.

“ಅದು ಈಗ ಹೊಳೆಯಿತೇ?”

“ಇಲ್ಲ. ಕಡತ ಬಂದ ದಿನವೇ ಅನ್ನಿಸಿತ್ತು. ಎರಡು ತಿಂಗಳಾಯಿತು.”

“ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲ. ಸಭೆಯಲ್ಲಿ ಕಾರ್ಯದರ್ಶಿಗಳು ಮುಚ್ಚುವ ಮಾತೆತ್ತಿದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.”

“ನೀನೂ ಒಂದೇ ಸಲ ತಟ್ಟಿದೆ. ಹಾಗಾದರೆ ನಿನ್ನ ಕಡತದ ಕಾರ್ಖಾನೆ ನಿಂತು ಎರಡು ತಿಂಗಳಾಯಿತು,” ಎಂದರು ಗುರುಗಳು.