ತಣ್ಣಗಾದ ಮೇಲೆ ಹಾಕಿದ ಮದ್ದು

ಕಚ್ಚಾ ಎಣ್ಣೆಯ ಕೊಳವೆಯೊಂದು ನದಿಯ ತಳದಲ್ಲಿ ಹಾದುಹೋಗುವ ಕಡೆ, ದಂಡೆಯ ಮೇಲೆ ಒಂದು ಪಂಪ್‌ಹೌಸ್ ಇತ್ತು. ಅಲ್ಲಿ ಮೂವತ್ತು ವರ್ಷ ದುಡಿದ ಶಾಂತವೀರಯ್ಯನವರು ನಿವೃತ್ತಿಯಾದ ಮೇಲೂ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಉಳಿದರು. ಕೆಲಸ ಕಲಿಯಲು ಬಂದವರೆಲ್ಲ ಅವರನ್ನು ಗುರುಗಳೇ ಅನ್ನುತ್ತಿದ್ದರು. ಹೆಸರಷ್ಟೇ ಶಾಂತ, ಬಾಯಿ ಬೆಂಕಿ.

ಅವರು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ. ಎಣ್ಣೆಯೊಳಗೆ ಮೇಣ ಇರುತ್ತದೆ. ಬಿಸಿ ಇರುವ ತನಕ ಕರಗಿ ಸುಮ್ಮನಿರುತ್ತದೆ, ತಣ್ಣಗಾದರೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಕೊಳವೆಗೆ ಮೆತ್ತಿಕೊಳ್ಳುತ್ತದೆ. ಹಾಗಾಗದಿರಲೆಂದು ಒಂದು ರಾಸಾಯನಿಕ ಬೆರೆಸುತ್ತಾರೆ. ಕೆಲಸದವರ ಬಾಯಲ್ಲಿ ಅದು ಮದ್ದು. ಎಣ್ಣೆ ಬಿಸಿ ಇದ್ದಾಗಲೇ ಹಾಕಬೇಕು. ತಣ್ಣಗಾದ ಮೇಲೆ ಪೀಪಾಯಿಗಟ್ಟಲೆ ಸುರಿದರೂ ದಂಡ.

ಶಿಷ್ಯ ನಿಜಗುಣನಿಗೆ ಪಾಠ ಬಾಯಿಗೆ ಬಂದಿತ್ತು. ಬುದ್ಧಿವಂತ. ಅದೇ ಅವನ ರೋಗ ಅಂತ ನನಗನ್ನಿಸುತ್ತದೆ. ಕೊಳವೆಗೆ ಅಂಗೈ ಒತ್ತಿ ಬಿಸಿ ಅಳೆಯುವುದನ್ನು ಮಾತ್ರ ಅವನಿಗೆ ಕಲಿಸಿದವನು ಮೌಲಾಲಿ, ಮದ್ದಿನ ಪಂಪು ನಡೆಸುವ ಹಳೆಯ ಕೆಲಸಗಾರ.

ಹೋದ ವರ್ಷ ಮಾರ್ಗಶಿರದಲ್ಲಿ ಎಣ್ಣೆ ಕಾಯಿಸುವ ಹೀಟರ್ ಕೆಟ್ಟಿತು. ಮೌಲಾಲಿ ಕೊಳವೆ ಮುಟ್ಟಿ ನೋಡಿ, ಹೀಟರ್ ಸರಿಯಾಗುವ ತನಕ ಎಣ್ಣೆ ಬಿಡುವುದು ಬೇಡ ಅಂದ. ನಿಲ್ಲಿಸಿದರೆ ಮೇಲಿನವರು ಬೈಯುತ್ತಾರೆ ಅಂತ, ಆ ಪಾಳಿಯ ಉಸ್ತುವಾರಿಯಲ್ಲಿದ್ದ ನಿಜಗುಣ ಕೇಳಲಿಲ್ಲ. ತಣ್ಣನೆ ಎಣ್ಣೆಗೇ ಎರಡರಷ್ಟು ಮದ್ದು ಹಾಕಿಸಿ ಕಳಿಸಿದ.

ಮೂರನೇ ದಿನ ನದಿಯ ಕೆಳಗೆ ಕೊಳವೆ ಕಟ್ಟಿಕೊಂಡು ಕೂತಿತು.

ವಿಚಾರಣೆಯಲ್ಲಿ, ಮೌಲಾಲಿ ಮದ್ದು ಹಾಕುವುದನ್ನೇ ಮರೆತ ಅಂತ ಅವನ ತಲೆಗೆ ಕಟ್ಟಿದರು. ನಿಜಗುಣ ಎದುರಿಗೇ ಕುರ್ಚಿಯಲ್ಲಿ ಕೂತಿದ್ದ. ಬಾಯಿ ಬಿಡಲಿಲ್ಲ. ಮೌಲಾಲಿಯ ಕೆಲಸ ಹೋಯಿತು.

ವರ್ಷ ಕಳೆದು ನಿಜಗುಣನಿಗೆ ಬಡ್ತಿ ಬಂತು. ಇಡೀ ಪಂಪ್‌ಹೌಸ್ ಈಗ ಅವನ ಕೈಗೆ. ಆದೇಶದ ಕಾಗದವನ್ನು ಬಾಳೆಹಣ್ಣಿನ ಜೊತೆ ತಟ್ಟೆಯಲ್ಲಿಟ್ಟುಕೊಂಡು ಬಂದು ಗುರುಗಳ ಕಾಲಬಳಿ ಇಟ್ಟು ನಮಸ್ಕರಿಸಿದ. ಇನ್ನು ಮೌಲಾಲಿಗೂ ಒಂದು ದಾರಿ ಮಾಡುತ್ತೇನೆ, ದಿನಗೂಲಿಯ ಮೇಲೆ ಸೇರಿಸಿಕೊಳ್ಳುತ್ತೇನೆ ಅಂತ ತಾನಾಗಿಯೇ ಹೇಳಿದ.

"ಅವನಿಗೆ ಹೇಳಿದೆಯಾ?"

"ಹೇಳಿದೆ ಗುರುಗಳೇ. ಬಾಗಿಲಲ್ಲೇ ನಿಂತಿದ್ದ, ಒಳಗೆ ಬಾ ಅನ್ನಲಿಲ್ಲ. ಉಪಕಾರ ಮಾಡೋಕೆ ಹೋದರೂ ಜನಕ್ಕೆ ಬೇಡ."

ಗುರುಗಳು ಆಶೀರ್ವಾದ ಮಾಡಲಿಲ್ಲ. ಒಳಗಿನಿಂದ ಒಂದು ಬೋಗುಣಿ ತಂದರು. ಅದರಲ್ಲಿ ಕಚ್ಚಾ ಎಣ್ಣೆ ಕರ್ರಗೆ ಹೆಪ್ಪುಗಟ್ಟಿತ್ತು. ಮದ್ದಿನ ಶೀಸೆ ಕೊಟ್ಟು ಹಾಕು ಅಂದರು. ಹಾಕಿದ. ಇನ್ನೂ ಹಾಕು ಅಂದರು. ಶೀಸೆ ಖಾಲಿಯಾಯಿತು, ಮದ್ದು ಮೇಲೆಯೇ ನಿಂತಿತ್ತು.

"ಬೆರೆಯಲ್ಲ ಗುರುಗಳೇ."

ಅವರು ಗೂಡಿನಿಂದ ಒಂದು ಮೇಣದ ಹೆಂಟೆ ತೆಗೆದು ಅವನ ಮುಂದಿಟ್ಟರು. ನದಿಯ ಕೆಳಗೆ ಕೊಳವೆ ಕೊಯ್ದಾಗ ಸಿಕ್ಕಿದ್ದು. ಒಳಗೆ ಮದ್ದು ಬೆರೆಯದೆ ಪದರಪದರವಾಗಿ ಹಾಗೇ ಕೂತಿತ್ತು. ಮದ್ದು ಹಾಕಿದ್ದು ನಿಜ, ಹಾಕಿದ್ದು ತಣ್ಣಗಾದ ಮೇಲೆ. ನೋಡಬಲ್ಲವರಿಗೆ ಇಷ್ಟು ಸಾಕು.

ನಿಜಗುಣ ಹೆಂಟೆಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟ.

"ಇದು ನನ್ನ ಕೈಗೆ ಬಂದು ವರ್ಷವಾಯಿತು," ಅಂದರು ಗುರುಗಳು. "ನೀನಾಗೇ ಹೇಳ್ತೀಯ ಅಂತ ಕಾದೆ. ಮೌಲಾಲಿ ಮನೆ ಮುಂದೆ ಹಾದುಹೋಗುವಾಗ ಈಗ ನಾನೂ ತಲೆ ತಗ್ಗಿಸಿಕೊಂಡೇ ಹೋಗ್ತೀನಿ."

ಅವರ ಕಣ್ಣಲ್ಲಿ ನೀರಿತ್ತು. ಶಿಷ್ಯನನ್ನು ಬೈದಾಗಲೆಲ್ಲ ಇರದ ನೀರು.

ಇನ್ನು ಏನು ಮಾಡಲಿ ಅಂತ ನಿಜಗುಣ ಕೇಳಿದ. ಗುರುಗಳು ಬೋಗುಣಿ ತೋರಿಸಿ ಅದೇ ಪ್ರಶ್ನೆಯನ್ನು ಅವನಿಗೇ ಕೇಳಿದರು. ಗಟ್ಟಿಯಾಗಿ ಹೋಗಿದೆ, ಇದಕ್ಕೆ ಏನು ಮಾಡ್ತೀಯ?

"ಮತ್ತೆ ಕಾಯಿಸಬೇಕು. ಪೂರ್ತಿ ಕರಗಬೇಕು. ಆಮೇಲೆ ಮದ್ದು."

ಉತ್ತರ ಸರಿಯಾಗಿಯೇ ಇತ್ತು. ಪಾಠದಲ್ಲಿ ಅವನು ಎಂದೂ ತಪ್ಪಿದವನಲ್ಲ.

ಗುರುಗಳು ಮೂಲೆಯ ಒಲೆಯ ಕಡೆ ನೋಡಿದರು. ಆಮೇಲೆ ತಟ್ಟೆಯ ಕಡೆ ನೋಡಿದರು.

"ಒಲೆ ಆರಿದೆ. ಆ ಆದೇಶ ಇತ್ತ ಕೊಡು, ಹಚ್ಚೋಣ."