ದ್ಯಾವಕ್ಕನ ಕೊಸರು

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಇದು ನಗುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಂದು ರಾಜ್ಯದಲ್ಲಿ ಮರಿಶೆಟ್ಟಿ ಅಂತ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಹನ್ನೆರಡು ಊರಲ್ಲಿ ಹನ್ನೆರಡು ಅಂಗಡಿ. ಹನ್ನೆರಡಕ್ಕೂ ಹಸಿರು ಬಾಗಿಲು. ಸಂತೆಗಿಂತ ಅಲ್ಲಿ ರಾಗಿ ಅಗ್ಗ, ಬೆಲ್ಲ ಅಗ್ಗ, ಉಪ್ಪು ಅಗ್ಗ. ಹಸಿರು ಬಾಗಿಲು ಕಂಡರೆ ಬಡವರ ಕಾಲು ತಾನಾಗಿಯೇ ಅತ್ತ ತಿರುಗುತ್ತಿತ್ತು.

ರಾಜಧಾನಿಯ ಅಂಗಡಿಯಲ್ಲಿ ಅಳೆಯುವವಳು ಕೆಂಚಮ್ಮ. ಸೇರಿನ ಮೇಲೆ ಗೋಪುರ ಏಳುವ ಹಾಗೆ ತುಂಬಿ ಸುರಿಯುತ್ತಿದ್ದಳು. ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. "ಲಾಭ... ಎರಡು... ಮೂರು..." ಕೊನೆಗೆ ಒಂದು ಬೊಗಸೆ ಮೇಲೆ ಹಾಕುತ್ತಿದ್ದಳು. ಅದೇ ಕೊಸರು. ಅದಕ್ಕೆ ಬೆಲೆ ಇಲ್ಲ.

ಅದೇ ಊರಲ್ಲಿ ದ್ಯಾವಕ್ಕ ಅಂತ ಗಂಡನಿಲ್ಲದ ಹೆಂಗಸು. ಲಚ್ಚಿ ಅನ್ನೋ ಮಗಳು, ಅವಳ ಬೆನ್ನಿಗೊಂದು ಗಂಡುಕೂಸು. ಮೂರು ದಿನಕ್ಕೊಮ್ಮೆ ಬಂದು ಒಂದು ಸೇರು ರಾಗಿ ಒಯ್ಯುತ್ತಿದ್ದಳು. ಸೇರಿನ ರಾಗಿ ಮಕ್ಕಳಿಗೆ. ಕೊಸರಿನ ರಾಗಿ ಅವಳಿಗೆ. ಅವಳು ಉಣ್ಣುತ್ತಿದ್ದದ್ದು ಆ ಬೊಗಸೆಯಷ್ಟೇ.

ಮರಿಶೆಟ್ಟಿ ಸತ್ತ. ಮಗ ಸಿದ್ದಶೆಟ್ಟಿ ಗಾದಿಗೆ ಬಂದ. ಅಪ್ಪನ ಮೀಸೆ ಬಂದಿತ್ತು ಅವನಿಗೆ, ಅಪ್ಪನ ಕೈ ಮಾತ್ರ ಬಂದಿರಲಿಲ್ಲ.

ಮೊದಲ ವರ್ಷ ಅವನು ಹೇಳಿದ: "ಇನ್ನು ಕೊಸರು ಬೇಡ."

ದ್ಯಾವಕ್ಕ ಬಂದಳು. ಕೆಂಚಮ್ಮ ಅಳೆದಳು. ದ್ಯಾವಕ್ಕ ಸೆರಗು ಹಿಡಿದೇ ನಿಂತಳು.

"ಕೊಸರು ಹಾಕವ್ವ."

"ನಿಲ್ಸವ್ರೆ ಕಣಕ್ಕ."

"ಹಂಗಾ," ಅಂದಳು ದ್ಯಾವಕ್ಕ. ಸೆರಗು ಕಟ್ಟಿಕೊಂಡು ಹೋದಳು.

ಎರಡನೇ ವರ್ಷ ಸಿದ್ದಶೆಟ್ಟಿ ಒಂದು ಕೋಲು ತಂದುಕೊಟ್ಟ. "ಗೋಪುರ ಬೇಡ. ಸೇರಿನ ಬಾಯಿಗೆ ಕೋಲೆಳೆದು ಅಳೆ."

ದ್ಯಾವಕ್ಕ ಬಂದಳು. ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಕೆಂಚಮ್ಮ ಕೋಲೆಳೆದಳು.

"ನೀನು ಉಣ್ತಿದೀಯೇನಕ್ಕ?"

"ಮಕ್ಕಳು ಉಣ್ತವೆ ಬಿಡವ್ವ."

ಮೂರನೇ ವರ್ಷ ಹನ್ನೆರಡು ಅಂಗಡಿಗೂ ಹೊಸ ಸೇರು ಬಂತು. ಹೊರಗಿಂದ ನೋಡಿದರೆ ಹಳೆಯದರ ಹಾಗೇ. ಕೆಂಚಮ್ಮ ಒಳಗೆ ಕೈ ಇಟ್ಟಳು. ಬೆರಳು ಬೇಗ ತಳ ಮುಟ್ಟಿತು.

"ಬುದ್ಧಿ, ಇದರ ತಳ ಮೇಲಕ್ಕೆ ಬಂದೈತೆ."

"ನಿನಗೆ ವಯಸ್ಸಾಯ್ತು. ಸುಮ್ಮನೆ ಅಳೆ," ಅಂದ ಸಿದ್ದಶೆಟ್ಟಿ.

ಅಳೆದಳು. ಹೊಟ್ಟೆಪಾಡು, ನೋಡಿ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಅಂತ ಹೆದರಿ ಅಳೆದಳು.

ಒಂದು ದಿನ ಲಚ್ಚಿ ಒಬ್ಬಳೇ ಬಂದಳು, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು.

"ನಿಮ್ಮವ್ವ ಎಲ್ಲಿ?"

"ಮೊನ್ನೆ ಮಣ್ಣು ಮಾಡಿದ್ರು. ಅರ್ಧ ಸೇರು ಸಾಕು ಕೆಂಚಮ್ಮ."

ಕೆಂಚಮ್ಮನ ಕೈಯಿಂದ ಸೇರು ಬಿತ್ತು. ಅವತ್ತು ಅವಳು ಮತ್ತೆ ಅಳೆಯಲಿಲ್ಲ.

ಮುಂದಿನ ತಿಂಗಳು ಸಿದ್ದಶೆಟ್ಟಿಯ ಮಗಳ ಮದುವೆ. ರಾಜನೇ ಊಟಕ್ಕೆ ಬರುತ್ತೇನೆ ಅಂದಿದ್ದ. ಅಡುಗೆಯವರು ಲೆಕ್ಕ ಹಾಕಿ ಹೇಳಿದರು: ಮೂರು ಪಂಕ್ತಿಗೆ ಮುನ್ನೂರು ಸೇರು ಅಕ್ಕಿ. ಅಂಗಡಿಯಲ್ಲಿ ಅರಮನೆಯ ಪಾರುಪತ್ಯಗಾರ ಕೂತಿದ್ದ ಹೊತ್ತು ನೋಡಿಕೊಂಡು ಕೆಂಚಮ್ಮ ಕೇಳಿದಳು:

"ಬುದ್ಧಿ, ಮದುವೆ ಅಕ್ಕೀನ ಯಾವ ಸೇರಲ್ಲಿ ಅಳೀಲಿ?"

ಸಿದ್ದಶೆಟ್ಟಿಯ ಮುಖ ಕೆಂಪಾಯಿತು. ಪಾರುಪತ್ಯಗಾರ ತಲೆ ಎತ್ತಿ ನೋಡುತ್ತಿದ್ದ.

"ಯಾವ ಸೇರು ಅಂದ್ರೆ? ನಮ್ಮಂಗಡೀಲಿ ಇರೋದೇ ಒಂದು ಸೇರು!"

"ಕೋಲೆಳೀಲಾ?"

"ಎಳಿ!"

"ಕೊಸರು?"

"ಬೇಡ ಅಂದಿಲ್ವಾ!"

ಆಮೇಲೆ ಗುಟ್ಟಾಗಿ ಹೇಳಿ ಸರಿಮಾಡಿಸೋಣ ಅಂದುಕೊಂಡ. ಮದುವೆ ಗಡಿಬಿಡಿ. ಮರೆತೇಬಿಟ್ಟ.

ಮೊದಲ ಪಂಕ್ತಿ ಉಂಡಿತು. ಎರಡನೇ ಪಂಕ್ತಿ ಅರೆಹೊಟ್ಟೆ ಉಂಡಿತು. ರಾಜ ಬಂದದ್ದು ತಡವಾಗಿ, ಕೂತದ್ದು ಮೂರನೇ ಪಂಕ್ತಿಗೆ. ಎಲೆ ಹಾಕಿದರು, ಉಪ್ಪು ಬಡಿಸಿದರು, ಕೋಸಂಬರಿ ಬಡಿಸಿದರು. ಅನ್ನ ಮಾತ್ರ ಬರಲಿಲ್ಲ. ಗಂಡಿನ ಕಡೆಯವರು ಗುಸುಗುಸು ಶುರುಮಾಡಿದರು.

"ಕೆಂಚಮ್ಮ ಕದ್ದವ್ಳೆ ಮಹಾಸ್ವಾಮಿ!" ಅಂತ ಕೂಗಿದ ಸಿದ್ದಶೆಟ್ಟಿ. "ಮುನ್ನೂರು ಸೇರು ಅಕ್ಕಿ ಕೊಟ್ಟಿದ್ದೆ!"

ಆ ರಾಜ್ಯದಲ್ಲಿ ಕದ್ದವರ ಕೈ ಕಡಿಯುತ್ತಿದ್ದರು. ಭಟರು ಕೆಂಚಮ್ಮನನ್ನು ಎಳೆದು ತಂದರು. ಅವಳ ಮಡಿಲಲ್ಲಿ ಅಂಗಡಿಯ ಸೇರಿತ್ತು.

"ನನ್ನ ಕೈ ಕಡೀರಿ ಸ್ವಾಮಿ. ಅದಕ್ಕೆ ಮೊದಲು ಅರಮನೆ ಸೇರು, ಒಂದಿಷ್ಟು ರಾಗಿ ತರಿಸಿ."

ತರಿಸಿದರು. ಕೆಂಚಮ್ಮ ಅಂಗಡಿಯ ಸೇರಿಗೆ ರಾಗಿ ತುಂಬಿ, ಕೋಲೆಳೆದು, "ಲಾಭ" ಅಂತ ಅರಮನೆ ಸೇರಿಗೆ ಸುರಿದಳು. ಅರ್ಧಕ್ಕಿಂತ ಚೂರು ಮೇಲೆ ಬಂದು ನಿಂತಿತು. ಅಂಗಡಿಯ ಸೇರನ್ನು ಮಗುಚಿ ನೆಲಕ್ಕೆ ಬಡಿದಳು. ಒಳಗಿಂದ ದಪ್ಪನೆ ಮರದ ಬಿಲ್ಲೆ ಉದುರಿ, ಉರುಳಿಕೊಂಡು ಹೋಗಿ ರಾಜನ ಖಾಲಿ ಎಲೆಯ ಹತ್ತಿರ ಬಿತ್ತು.

"ಇದು ನಿನ್ನ ಸೇರೇನೋ?" ಅಂತ ಕೇಳಿದ ರಾಜ.

ಅಂಗಡಿಯಲ್ಲಿರೋದು ಇದೊಂದೇ ಸೇರು ಅಂತ ಸಿದ್ದಶೆಟ್ಟಿ ಪಾರುಪತ್ಯಗಾರನ ಎದುರೇ ಒಪ್ಪಿಕೊಂಡಾಗಿತ್ತಲ್ಲ. ಗಂಡಿನ ಕಡೆಯವರು ಅವತ್ತೇ ಗಾಡಿ ಕಟ್ಟಿದರು. ಮಗಳ ಮದುವೆಯ ದಿನ ಅಂತ ರಾಜ ಅವನ ಕೈ ಕಡಿಸಲಿಲ್ಲ, ಹನ್ನೆರಡು ಸೇರನ್ನೂ ಬೀದಿಯಲ್ಲಿ ಒಡೆಸಿದ. ಆದರೆ ಅಂಗಡಿ ಮುಚ್ಚಿಸಿದ್ದು ರಾಜನಲ್ಲ. ಜನ ಬರುವುದು ನಿಲ್ಲಿಸಿದರು. ಒಂದು ಬಾಗಿಲು ಮುಚ್ಚಿತು, ಆಮೇಲೆ ಮೂರು, ಆಮೇಲೆ ಎಲ್ಲವೂ. ಸಿದ್ದಶೆಟ್ಟಿ ಹನ್ನೆರಡನೇ ಬಾಗಿಲ ಹಿಂದೆ ಒಬ್ಬನೇ ಕೂತಿರುತ್ತಿದ್ದ, ಗಿರಾಕಿ ಬರುತ್ತಾರೆ ಅಂತ.

ಮುದುಕರು ಈಗಲೂ ಆ ಬಾಗಿಲುಗಳ ಮುಂದೆ ನಿಂತು ನೆನೆಯುತ್ತಾರೆ. "ಇಲ್ಲಿ ಬೆಲ್ಲದ ವಾಸನೆ ಬರ್ತಿತ್ತು," ಅನ್ನುತ್ತಾನೆ ಒಬ್ಬ. "ಕೆಂಚಮ್ಮ ಲಾಭ ಅಂದ್ರೆ ಬೀದಿ ತುದಿಗೆ ಕೇಳೋದು," ಅನ್ನುತ್ತಾಳೆ ಇನ್ನೊಬ್ಬಳು. ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಬಣ್ಣ ಉದುರಿ ಹಸಿರೇ ಇಲ್ಲ ಈಗ.

ಅವತ್ತು ಮದುವೆ ಮನೆಯಲ್ಲೇ ಕೆಂಚಮ್ಮನಿಗೆ ಏನು ಬೇಕು ಅಂತ ರಾಜ ಕೇಳಿದ್ದ.

"ನನಗೂ ಶಿಕ್ಷೆ ಕೊಡಿ ಸ್ವಾಮಿ. ತಳ ಏರಿಸಿದ್ದು ಅವರು. ಗೊತ್ತಿದ್ದೂ ಅಳೆದದ್ದು ಈ ಕೈ."

ರಾಜ ಶಿಕ್ಷೆ ಕೊಡಲಿಲ್ಲ. ಅವಳೇ ಹೋಗಿ ಲಚ್ಚಿಯನ್ನೂ ತಮ್ಮನನ್ನೂ ಮನೆಗೆ ಕರೆತಂದಳು. ದಿನಾ ಒಂದು ಸೇರು ಗೋಪುರ ತುಂಬಿ ಅಳೆಯುತ್ತಿದ್ದಳು, ಮೇಲೊಂದು ಬೊಗಸೆ ತೆಗೆದು ಬೇರೆ ಇಡುತ್ತಿದ್ದಳು.

"ಅದು ಯಾರಿಗೆ ಕೆಂಚಮ್ಮ?" ಅಂತ ಕೇಳಿದಳು ಲಚ್ಚಿ.

"ನಿಮ್ಮವ್ವಂದು."

ಆ ಬೊಗಸೆ ಹಾಗೇ ಇರುತ್ತಿತ್ತು. ತಿನ್ನುವವಳು ಬರಲಿಲ್ಲ.

ಮಕ್ಕಳೇ, ಇಷ್ಟು ನೆನಪಿಟ್ಟುಕೊಳ್ಳಿ. ಬಡವರ ಅಳತೆಯಲ್ಲಿ ಕದಿಯುವವನು ಯಾರದೋ ಅವ್ವನ ತುತ್ತು ಕದಿಯುತ್ತಾನೆ. ಅದು ಗೊತ್ತಿದ್ದೂ ಸುಮ್ಮನೆ ಅಳೆದುಕೊಟ್ಟವರಿಗೂ ಆ ಪಾಪದಲ್ಲಿ ಪಾಲಿದೆ. ಕೊನೆಗೆ ಸತ್ಯ ಹೇಳಿದರೂ ಸತ್ತವಳು ಎದ್ದು ಬರುವುದಿಲ್ಲ. ಹೇಳುವುದಿದ್ದರೆ, ಕೊಸರು ನಿಂತ ದಿನವೇ ಹೇಳಿ.