ಬೆನ್ನು ತಿಕ್ಕಿದ ಕುರಿ

"ಅಜ್ಜಯ್ಯಾ, ಒಬ್ಬ ಹುಡುಗನಿಂದ ಇಡೀ ಸ್ಕೂಲು ಕೆಡೋದಾದ್ರೆ, ಆ ಒಬ್ಬನ್ನ ಆಚೆಗೆ ಹಾಕೋದು ತಪ್ಪಾ?"

ಕೇಳಿದೋರು ಹೈಸ್ಕೂಲ್ ಹೆಡ್‌ಮೇಷ್ಟ್ರು ಸಣ್ಣರಂಗಪ್ಪ. ಸೋಮವಾರ ಸೋಮವಾರ ಮಠಕ್ಕೆ ಬಂದು ಅಜ್ಜಯ್ಯನ ಮುಂದೆ ಕೂರೋರು. ಬೇರೆ ವಾರ ಆಗಿದ್ರೆ ಮೋಕ್ಷ, ಮಾಯೆ ಅಂತ ಏನಾದ್ರೂ ದೊಡ್ಡದು ಕೇಳೋರು. ಆ ವಾರ ಓಬಳೇಶನ ವಿಷ್ಯ ಕೇಳಿದ್ರು. ಹತ್ತನೇ ಕ್ಲಾಸಿನ ಹುಡುಗ, ನೀರಿನ ಟ್ಯಾಂಕಿನ ಹಿಂದೆ ಗಾಂಜಾ ಸೇದ್ತಾ ಸಿಕ್ಕಿಬಿದ್ದಿದ್ದ. ಸಿಕ್ಕಿದ್ದು ಆವತ್ತು. ಸೇದೋಕೆ ಹಿಡಿದು ಐದು ತಿಂಗಳಾಗಿತ್ತು. ಬೀದಿಗೆಲ್ಲಾ ಗೊತ್ತಿತ್ತು. ನಲ್ಲಿ ಹತ್ರ ಬಿಂದಿಗೆ ಇಟ್ಕೊಂಡು ಎಲ್ಲರೂ ಆಡ್ಕೊಂಡಿದ್ದು ಅದನ್ನೇ. ಅವರಮ್ಮ ಬಿಂದಿಗೆ ಹಿಡ್ಕೊಂಡು ಬಂದ್ಲು ಅಂದ್ರೆ ಮಾತು ಸೊಪ್ಪಿನ ರೇಟಿಗೆ ತಿರುಗೋದು. ಮೇಷ್ಟ್ರಿಗೂ ಹುಡುಗನ ಕಣ್ಣು ಕೆಂಪಗಿರೋದು ಕಂಡಿತ್ತು. ಕಣ್ಣು ನೋವಿರಬೇಕು ಅಂದ್ಕೊಂಡು ಹಾಜರಿ ಹಾಕೋರು.

ಈಗ ಟೀಸಿ ಕೊಟ್ಟು ಕಳಿಸೋದು ಅಂತ ತೀರ್ಮಾನ ಮಾಡ್ಕೊಂಡೇ ಬಂದಿದ್ರು. ಅಜ್ಜಯ್ಯ ಹೂಂ ಅಂದ್ರೆ ಸಾಕಿತ್ತು.

ಅಜ್ಜಯ್ಯ ಹೂಂ ಅನ್ಲಿಲ್ಲ. ಕತೆ ಹೇಳಿದ್ರು.

ಒಬ್ಬ ಕುರಿಯವನಿದ್ದ. ಅವನಿಗೆ ನೂರು ಕುರಿ. ಮಧ್ಯಾಹ್ನ ಆದ್ರೆ ನಾಲ್ಕು ಊರಿನ ಮಂದೆ ಒಂದೇ ಕೆರೆಗೆ ನೀರಿಗೆ ಬರೋವು. ಕುರಿ ಬೆರೆತು ಹೋದ್ರೆ ಗುರುತು ಸಿಗ್ಲಿ ಅಂತ ಒಬ್ಬೊಬ್ಬರು ಒಂದೊಂದು ಬಣ್ಣ ಬಳಿಯೋರು. ಇವನದ್ದು ಕೆಂಪು, ಬೆನ್ನ ಮೇಲೆ.

ಆ ಸೀಮೇಲಿ ಹೊಲದ ಬದದ ಮೇಲೆ ಅಮಲಿನ ಗಿಡ ಬೆಳೀತಿತ್ತು. ಕುರಿ ಅದರ ರುಚಿ ಕಂಡ್ರೆ ಮುಗೀತು. ಹುಲ್ಲು ಬೇಡ, ನೀರು ಬೇಡ, ಅದೇ ಬೇಕು. ತಿಂದು ತಿಂದು ಒಣಗೋದು. ಪಕ್ಕದ ಕುರಿ ನೋಡಿ ಕಲಿಯೋದು.

ಇವನ ಮಂದೇಲಿ ಒಂದು ಹೆಣ್ಣು ಮರಿ ಅದಕ್ಕೆ ಬಾಯಿ ಹಾಕ್ತು. ಅದು ತಬ್ಬಲಿ ಮರಿ. ಇವನ ಹೆಂಡತಿ ಬಟ್ಟೆ ಅದ್ದಿ ಹಾಲು ಚೀಪಿಸಿ ಬದುಕಿಸಿದ್ದು. ಕೊಲ್ಲೋಕೆ ಇವನಿಗೆ ಕೈ ಬರ್ಲಿಲ್ಲ. ಕಾಯೋಕೆ ಪುರುಸೊತ್ತಿರ್ಲಿಲ್ಲ. ಕೆರೆ ದಂಡೇಲಿ ಕೂತು ಅದರ ಬೆನ್ನಿನ ಬಣ್ಣಾನ ಮರಳು ಹಾಕಿ ತಿಕ್ಕಿದ. ಮೆಲ್ಲಗೆ ಪಕ್ಕದೂರಿನ ಮಂದೆ ಒಳಕ್ಕೆ ನೂಕ್ದ. ಆ ಮಂದೆಯೋನು ಮರದ ಕೆಳಗೆ ಟವಲ್ ಮುಚ್ಕೊಂಡು ಮಲಗಿದ್ದ. ನಿದ್ದೆ ಮಾಡ್ತವನೆ ಅಂತ ಇವನು ಅಂದ್ಕೊಂಡ.

ಹಟ್ಟಿಗೆ ಬಂದು ಎಣಿಸಿದ. ತೊಂಬತ್ತೊಂಬತ್ತು ಇರಬೇಕಿತ್ತು. ನೂರಿತ್ತು. ಮತ್ತೆ ಎಣಿಸಿದ. ನೂರೇ. ಇವನದ್ದಲ್ಲದ ಒಂದು ಕುರಿ ಬೆನ್ನು ಒದ್ದೆ ಇತ್ತು, ಬಣ್ಣ ಇರ್ಲಿಲ್ಲ.

ಹೆಂಡತಿ ಬಂದು "ನನ್ನ ಮರಿ ಎಲ್ಲಿ?" ಅಂದ್ಲು.

"ಮಂದೇಲೇ ಐತೆ, ಎಣಿಸ್ಕೊ. ನೂರು ಸರಿಯಾಗೈತೆ."

"ನೂರಂತೆ! ನಿನಗೆ ಎಣಿಸೋಕೆ ಬರ್ತದೆ ಕಣಯ್ಯ, ನೋಡೋಕೆ ಬರಲ್ಲ."

ಬೆಳಿಗ್ಗೆ ಬಿಟ್ಟಾಗ ಆ ಒದ್ದೆ ಬೆನ್ನಿನ ಕುರಿ ಸೀದಾ ಹೋಗಿ ಬದದ ಗಿಡದ ಮುಂದೆ ನಿಂತ್ಕೊಂತು. ಇವನು ಅದನ್ನ ಮೂರನೇ ಊರಿನ ಮಂದೆಗೆ ನೂಕ್ದ. ಅಲ್ಲಿಂದ ಇನ್ನೊಂದು ಬಂತು. ನಾಲ್ಕು ಊರೋರೂ ಮಾಡ್ತಿದ್ದ ಕೆಲಸ ಒಂದೇ. ಎದುರಿಗೆ ಕೂತು ಎಲೆ ಅಡಿಕೆ ಕೊಟ್ಕೊಳೋರು, ಮಕ್ಕಳು ಮರಿ ಚೆನ್ನಾಗವ್ರಾ ಅಂತ ಕೇಳ್ಕೊಳೋರು, ಎದ್ದು ಹೋಗಿ ಬೆನ್ನು ತಿಕ್ಕೋರು. ಸುಗ್ಗಿ ಬರೋಷ್ಟರಲ್ಲಿ ನಾಲ್ಕು ಮಂದೆಗೂ ಆ ಗಿಡದ ರುಚಿ ಗೊತ್ತಾಗಿತ್ತು.

ಹೆಂಡತಿ ಹಾಲು ಕುಡಿಸಿದ್ದ ಮರಿ ನಾಲ್ಕನೇ ಊರಿನ ಹೊಲದಲ್ಲಿ ಸತ್ತು ಬಿದ್ದಿತ್ತು. ಯಾರದ್ದು ಅಂತ ಹೇಳಿ ಕಳ್ಸೋಣ ಅಂದ್ರೆ ಬೆನ್ನ ಮೇಲೆ ಬಣ್ಣ ಇರ್ಲಿಲ್ಲ. ನಾಯಿ ಎಳ್ಕೊಂಡು ಹೋದ್ವು.

ಅದೇ ಕೆರೆಗೆ ಒಬ್ಬಳು ಮುದುಕಿ ಹನ್ನೆರಡು ಕುರಿ ಹೊಡ್ಕೊಂಡು ಬರೋಳು. ಕೇಳೋರಿಲ್ಲದ ಮುದುಕಿ ಅಂತ ಬೆನ್ನು ತಿಕ್ಕಿದ ಕುರೀನ ಅವಳ ಮಂದೆಗೂ ನೂಕಿದ್ರು. ಅವಳು ಯಾವುದನ್ನೂ ವಾಪಸ್ ನೂಕ್ಲಿಲ್ಲ. ಹನ್ನೆರಡು ಹೋಗಿ ಹದಿನೈದಾಯ್ತು. ಸತ್ತಿದ್ದು ಒಂದೂ ಇಲ್ಲ.

ಕುರಿಯವನು ಅವಳ ಹತ್ರ ಹೋದ. "ಏನಜ್ಜಿ, ನಿನ್ನ ಕುರಿಗೆ ಯಂತ್ರ ಕಟ್ಟಿಸಿದೀಯ?"

"ಹೂಂ ಕಣಪ್ಪ, ಸೊಂಟಕ್ಕೆ ಕಟ್ಟಿಸೀನಿ, ನನ್ನ ಸೊಂಟಕ್ಕೆ. ಬಗ್ಗೀ ಬಗ್ಗೀ ಹೋಗೈತೆ ಅದು. ಮೊದಲು ನಾನೂ ಬರೀ ಹೊಟ್ಟೇಲಿ ಬಿಡ್ತಿದ್ದೆ. ಹಸಿದಿದ್ದು ಕಣ್ಣಿಗೆ ಕಂಡಿದ್ದಕ್ಕೆ ಬಾಯಿ ಹಾಕ್ತು. ಈಗ ಹಟ್ಟೀಲೇ ಹೊಟ್ಟೆಗೆ ಹಾಕಿ ಬಿಡ್ತೀನಿ. ಚಟ ಹತ್ತಿದ್ದನ್ನ ನನ್ನ ಪಕ್ಕಾನೇ ನಡೆಸ್ತೀನಿ. ಮುಂದೆ ಬಿಟ್ರೆ ಗಿಡಕ್ಕೆ ಹೋಗ್ತದೆ, ಹಿಂದೆ ಬಿಟ್ರೆ ನಂಗೆ ಕಾಣಲ್ಲ."

"ಗಿಡ ಬದದ ಮೇಲೆ ಇದ್ದೇ ಇರ್ತದಲ್ಲ?"

"ಇತ್ತು. ಹೊಲದೋರ ಮನೆ ಮನೆಗೆ ಹೋಗಿ ನಿಮ್ಮ ಬದದಲ್ಲಿ ಬೆಳೆದೈತೆ ಅಂದೆ. ನಮ್ಮ ಬದದಲ್ಲಿ ಅಂಥದ್ದೆಲ್ಲ ಬೆಳೆಯಲ್ಲ, ನಾವು ಮರ್ಯಾದಸ್ಥರು ಅಂತ ಬೈದು ಬಾಗಿಲು ಹಾಕ್ಕೊಂಡ್ರು. ಬೈಸ್ಕೊಂಡು ನಾನೇ ಕಿತ್ತೆ. ಎರಡನೇ ಸಲ ಹೋದಾಗ ಬಾಗಿಲು ಹಾಕಿದೋರಲ್ಲೇ ಇಬ್ಬರು ಕುಡುಗೋಲು ಹಿಡ್ಕೊಂಡು ಬಂದ್ರು."

"ಅಷ್ಟೆಲ್ಲಾ ಮಾಡಿದ್ಮೇಲಾದ್ರೂ ಮೊದಲು ಬಾಯಿ ಹಾಕಿದ ಕುರಿ ಉಳೀತಾ?"

"ಅದೇ ಅಲ್ವಾ, ಆಗಿನಿಂದ ನಿನ್ನ ಪಂಚೆ ಜಗೀತಿರೋದು."

ಕುರಿಯವನು ಪಂಚೆ ಬಿಡಿಸ್ಕೊಂಡು ಮನೆಗೆ ಹೋದ. ಹೆಂಡತಿಗೆ ಮರೀನ ನೂಕಿದ ವಿಷ್ಯ ಹೇಳೋಕೆ ಅವನಿಗೆ ಬಾಯಿ ಬರ್ಲಿಲ್ಲ. ಅವಳು ಬಟ್ಟೆ ಅದ್ದೋ ಹಾಲಿನ ಬಟ್ಟಲನ್ನ ಇನ್ನೂ ತೊಳೆದು ಕವುಚಿ ಇಡ್ತಿದ್ಲು.

ಅಷ್ಟು ಹೇಳಿ ಅಜ್ಜಯ್ಯ ನಿಲ್ಲಿಸಿದ್ರು.

ಮೇಷ್ಟ್ರು ಕೂತಲ್ಲೇ ಸರಿದು ಕೂತ್ರು. "ಕತೆ ಚೆನ್ನಾಗಿದೆ ಅಜ್ಜಯ್ಯ. ಆದ್ರೆ ಅವಳದ್ದು ಹದಿನೈದು ಕುರಿ. ನಂದು ಮುನ್ನೂರು ಮಕ್ಕಳು. ಮೇಲಿನೋರು ರಿಸಲ್ಟ್ ಕೇಳ್ತಾರೆ. ಬೇರೆ ಮಕ್ಕಳ ಅಪ್ಪ ಅಮ್ಮ ಗೇಟಿನ ಹತ್ರ ಬಂದು ನಿಂತ್ಕೋತಾರೆ. ಆ ಹುಡುಗನ ಮೇಲೆ ನಂಗೇನು ದ್ವೇಷವಾ? ನಾಳೆ ಟೀಸಿ ಕೊಡ್ತೀನಿ. ಎಲ್ಲಾದ್ರೂ ಬೇರೆ ಸ್ಕೂಲಿಗೆ ಸೇರ್ಕೊಂಡು ಚೆನ್ನಾಗಿರ್ಲಿ."

ಅಜ್ಜಯ್ಯ ಕೇಳಿದ್ರು: "ಆ ಟೀಸೀಲಿ ನಡತೆ ಅಂತ ಒಂದು ಸಾಲು ಇರ್ತದಲ್ಲ ಮೇಷ್ಟ್ರೆ, ಅಲ್ಲಿ ಏನು ಬರೀತೀರಿ?"

"ಉತ್ತಮ ಅಂತಾನೇ ಬರೀಬೇಕು ಅಜ್ಜಯ್ಯ, ಇಲ್ದಿದ್ರೆ ಯಾವ ಸ್ಕೂಲೋರೂ ಸೇರಿಸ್ಕೊಳಲ್ಲ." ಅಂದ ಮೇಷ್ಟ್ರು ತಮ್ಮ ಅಂಗೈ ನೋಡ್ಕೊಂಡ್ರು.